ವಾಚ್ ಕಮಾಂಡ್: ಒಂದೇ ಆಜ್ಞೆಯನ್ನು ಮತ್ತೆ ಮತ್ತೆ ಓಡಿಸುವಾಗ ಎಡವುವುದೆಲ್ಲಿ?

ಪ್ರಶ್ನೆ: ದೊಡ್ಡ ಬ್ಯಾಕಪ್ ನಡೆಯುವಾಗ ಡಿಸ್ಕ್ ಎಷ್ಟು ತುಂಬಿತು ಅಂತ ನೋಡಲು ಮೇಲ್ಬಾಣದ ಕೀ, ಎಂಟರ್, ಮತ್ತೆ ಮೇಲ್ಬಾಣ, ಎಂಟರ್ ಎಂದು ಒತ್ತುತ್ತಾ ಕೂರುತ್ತಿದ್ದೆ. ಲಿನಕ್ಸ್‌ನಲ್ಲಿ ಒಂದೇ ಕಮಾಂಡನ್ನು ತಾನಾಗಿ ಮತ್ತೆ ಮತ್ತೆ ಓಡಿಸುವ ವಾಚ್ ಬಳಸಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಸರಳ ಕಮಾಂಡ್‌ಗೆ ಚೆನ್ನಾಗಿಯೇ ಓಡುತ್ತದೆ. ಆದರೆ ಪೈಪ್ (ಒಂದು ಕಮಾಂಡ್‌ನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ | ಗುರುತು) ಹಾಕಿದರೆ ಸ್ಕ್ರೀನ್ ಖಾಲಿ. ‘ಎಲ್‌ಎಲ್’ ಎಂಬ ನನ್ನ ಅಲಿಯಾಸ್ ಸಿಗುತ್ತಿಲ್ಲ ಅನ್ನುತ್ತದೆ. ಬಣ್ಣ ಮಾಯವಾಗುತ್ತದೆ. ಡೇಟ್ ಸೇರಿಸಿದರೆ ಸಮಯ ಮುಂದಕ್ಕೇ ಹೋಗುವುದಿಲ್ಲ. ತಪ್ಪು ಎಲ್ಲಿದೆ? ಇದನ್ನೇ ಬಳಸಲೇ, ಲೂಪ್ ಬರೆಯಲೇ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಹಾಕಲೇ?

ಉತ್ತರ: ನಿಮ್ಮ ನಾಲ್ಕೂ ದೂರುಗಳು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ವಾಚ್‌ಗೆ ಕೊಟ್ಟ ಕಮಾಂಡನ್ನು ಓಡಿಸುವುದು ನಿಮ್ಮ ಶೆಲ್ (ನೀವು ಟೈಪ್ ಮಾಡಿದ್ದನ್ನು ಓದಿ ನಡೆಸುವ ಪ್ರೋಗ್ರಾಂ) ಅಲ್ಲ. ಅದರ ಔಟ್‌ಪುಟ್ ನೇರವಾಗಿ ಹೋಗುವುದು ನಿಮ್ಮ ಟರ್ಮಿನಲ್‌ಗೂ ಅಲ್ಲ. ಇದು ತಲೆಯಲ್ಲಿದ್ದರೆ ಉಳಿದದ್ದನ್ನು ಊಹಿಸಿಯೇ ಸರಿಪಡಿಸಿಕೊಳ್ಳಬಹುದು.

(ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಅಕ್ಷರದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಬೇರೆ ಹೇಳದಿದ್ದರೆ ಎಲ್ಲವೂ ಸ್ಮಾಲ್ ಲೆಟರ್.)

ವಾಚ್‌ನ ಒಂದು ಸುತ್ತಿನಲ್ಲಿ ನಡೆಯುವುದು ಇಷ್ಟು. ಅದು ನೀವು ಕೊಟ್ಟ ಪದಗಳನ್ನೆಲ್ಲ ನಡುವೆ ಒಂದೊಂದು ಸ್ಪೇಸ್ ಇಟ್ಟು ಒಂದೇ ಸಾಲಾಗಿ ಜೋಡಿಸುತ್ತದೆ. ಆ ಸಾಲನ್ನು ‘ಎಸ್‌ಎಚ್ -ಸಿ’ ಕೈಗೆ, ಅಂದರೆ ಹೊಸದಾಗಿ ಶುರುಮಾಡಿದ ಇನ್ನೊಂದು ಶೆಲ್‌ಗೆ, ಕೊಡುತ್ತದೆ. ಅದು ಉಗುಳಿದ್ದನ್ನೆಲ್ಲ, ಎರರ್ ಸಂದೇಶವನ್ನೂ ಸೇರಿಸಿ, ಒಂದು ಪೈಪಿನಲ್ಲಿ ಹಿಡಿದು, ತುಂಬುಪರದೆಯ ಮೇಲೆ ತಾನೇ ಬರೆಯುತ್ತದೆ. ಕಮಾಂಡ್ ಮುಗಿದ ಮೇಲೆ 2 ಸೆಕೆಂಡ್ ಕಾದು ಮತ್ತೆ ಮೊದಲಿನಿಂದ. ಮೇಲಿನ ಎಡ ಮೂಲೆಯಲ್ಲಿ ಅಂತರ ಮತ್ತು ಕಮಾಂಡ್, ಬಲ ಮೂಲೆಯಲ್ಲಿ ಯಂತ್ರದ ಹೆಸರು ಮತ್ತು ಸಮಯ ಕಾಣುತ್ತವೆ. ನಿಲ್ಲಿಸಲು ಕಂಟ್ರೋಲ್-ಸಿ.

ಈಗ ಪೈಪ್ ವಿಷಯ. ನೀವು ಬರೆದದ್ದು ಬಹುಶಃ ಹೀಗೆ (ಡಿಎಫ್ ಡಿಸ್ಕ್‌ನ ಜಾಗ ತೋರಿಸುತ್ತದೆ, ಗ್ರೆಪ್ ಕೊಟ್ಟ ಪದವಿರುವ ಸಾಲುಗಳನ್ನಷ್ಟೇ ಉಳಿಸುತ್ತದೆ):

ವಾಚ್ ಡಿಎಫ್ -ಎಚ್ | ಗ್ರೆಪ್ ಡೇಟಾ

ಆ ಪೈಪ್ ಗುರುತನ್ನು ಮೊದಲು ನೋಡುವುದು ನಿಮ್ಮ ಶೆಲ್. ಎಡಕ್ಕಿರುವುದು ವಾಚ್, ಬಲಕ್ಕಿರುವುದು ಗ್ರೆಪ್ ಎಂದು ಅದು ಎರಡು ಭಾಗ ಮಾಡುತ್ತದೆ. ಹಾಗಾಗಿ ಗ್ರೆಪ್‌ಗೆ ಸಿಗುವುದು ಡಿಎಫ್‌ನ ಸಾಲುಗಳಲ್ಲ, ವಾಚ್ ಪರದೆ ಬಿಡಿಸಲು ಕಳಿಸುವ ಕರ್ಸರ್ ಸಂಕೇತಗಳು. ಅದರಲ್ಲಿ ಹುಡುಕಿ ಏನು ಸಿಗಬೇಕು? ಇಡೀ ಸಾಲನ್ನು ಕೋಟ್‌ನೊಳಗೆ ಇಡಬೇಕು:

ವಾಚ್ 'ಡಿಎಫ್ -ಎಚ್ | ಗ್ರೆಪ್ ಡೇಟಾ'

ಇಲ್ಲಿ ಒಂಟಿ ಕೋಟ್ ಹಾಕಿದೆ, ಜೋಡಿ ಕೋಟ್ ಅಲ್ಲ. ಈ ವ್ಯತ್ಯಾಸವೇ ನಿಮ್ಮ ಡೇಟ್ ಸಮಸ್ಯೆಯ ಮೂಲ. ಕೆಳಗಿನದನ್ನು ಒಮ್ಮೆ ಓಡಿಸಿ ನೋಡಿ:

ವಾಚ್ -ಎನ್ 1 "ಎಕೋ $(ಡೇಟ್)"

ಮೇಲಿನ ಬಲ ಮೂಲೆಯ ಗಡಿಯಾರ ಸೆಕೆಂಡಿಗೊಮ್ಮೆ ಮುಂದೆ ಹೋಗುತ್ತದೆ, ಕೆಳಗೆ ಎಕೋ ಮಾಡಿದ ಸಮಯ ಕಲ್ಲಿನಂತೆ ನಿಂತಿರುತ್ತದೆ. ಎಡ ಮೂಲೆಯ ಕಮಾಂಡ್ ಸಾಲನ್ನು ಓದಿದರೆ ಗುಟ್ಟು ಅಲ್ಲೇ ಬಯಲು: ಅಲ್ಲಿ ಡಾಲರ್ ಗುರುತೇ ಇರುವುದಿಲ್ಲ, ‘ಎಕೋ’ ಆದಮೇಲೆ ಒಂದು ನಿರ್ದಿಷ್ಟ ದಿನಾಂಕ, ಸಮಯ ಇರುತ್ತದೆ. ಜೋಡಿ ಕೋಟ್‌ನೊಳಗಿನ $ ಗುರುತನ್ನು ನಿಮ್ಮ ಶೆಲ್ ವಾಚ್ ಶುರುವಾಗುವ ಮೊದಲೇ, ಒಂದೇ ಸಲ ಬಿಡಿಸಿಬಿಟ್ಟಿದೆ. ಒಂಟಿ ಕೋಟ್ ಹಾಕಿದರೆ ಅದು ಹಾಗೇ ದಾಟಿ ಹೋಗುತ್ತದೆ, ಪ್ರತಿ ಸುತ್ತಿನಲ್ಲೂ ಎಸ್‌ಎಚ್ ಹೊಸದಾಗಿ ಬಿಡಿಸುತ್ತದೆ. ನಕ್ಷತ್ರ ಗುರುತಿಗೂ ಇದೇ ನ್ಯಾಯ. ಕೋಟ್ ಇಲ್ಲದೆ ‘ವಾಚ್ ಎಲ್‌ಎಸ್ *.ಲಾಗ್’ ಎಂದರೆ ಶುರುವಾದ ಕ್ಷಣದಲ್ಲಿದ್ದ ಫೈಲುಗಳ ಪಟ್ಟಿಯೇ ಖಾಯಂ. ಆಮೇಲೆ ಹುಟ್ಟಿದ ಹೊಸ ಲಾಗ್ ಕಾಣುವುದಿಲ್ಲ, ಅಳಿಸಿದ್ದಕ್ಕೆ ಎರರ್ ಬರುತ್ತಲೇ ಇರುತ್ತದೆ. ವಾಚ್ ತಪ್ಪು ಫಲಿತಾಂಶ ತೋರಿಸುತ್ತಿದೆ ಅನ್ನಿಸಿದಾಗಲೆಲ್ಲ ಮೊದಲು ಎಡ ಮೂಲೆಯ ಆ ಸಾಲನ್ನು ಓದುವುದು ಒಳ್ಳೆಯದು. ನೀವು ಟೈಪ್ ಮಾಡಿದ್ದಕ್ಕೂ ಅಲ್ಲಿರುವುದಕ್ಕೂ ವ್ಯತ್ಯಾಸವಿದ್ದರೆ ತಪ್ಪು ಕೋಟ್‌ನದು.

ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಕೊಡುವ ಪಿಎಸ್ ಮತ್ತು ಗ್ರೆಪ್ ಜೋಡಿಯನ್ನು ವಾಚ್‌ನೊಳಗೆ ಹಾಕುವವರು ಬಹಳ. ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಓಡುತ್ತಿದೆಯೇ ಎಂದು ಹುಡುಕಿದರೆ ಗ್ರೆಪ್‌ನದೇ ಸಾಲು, ವಾಚ್‌ನದೇ ಸಾಲು, ಎಸ್‌ಎಚ್‌ನದೇ ಸಾಲು ಎಲ್ಲವೂ ಬರುತ್ತವೆ, ಏಕೆಂದರೆ ಅವುಗಳ ಸಾಲಿನಲ್ಲೂ ಆ ಪದ ಇದೆ. ನಿಜವಾದ ಪ್ರೋಗ್ರಾಂ ಸತ್ತಿದ್ದರೂ ಪರದೆ ತುಂಬಿರುತ್ತದೆ. ‘ಪಿಗ್ರೆಪ್ -ಎ ಆರ್‌ಸಿಂಕ್’ ಬಳಸಿ. ಅದು ಪ್ರೋಗ್ರಾಂನ ಹೆಸರನ್ನಷ್ಟೇ ನೋಡುತ್ತದೆ. ಅದಕ್ಕೂ -ಎಫ್ ಸೇರಿಸಿ ಪೂರ್ತಿ ಸಾಲಿನಲ್ಲಿ ಹುಡುಕಲು ಹೋದರೆ ವಾಚ್‌ನ ಸಾಲು ಮತ್ತೆ ಸಿಕ್ಕಿಬೀಳುತ್ತದೆ. ಗ್ರೆಪ್ಪೇ ಬೇಕೆಂದರೆ ಹುಡುಕುವ ಪದದ ಮೊದಲ ಅಕ್ಷರವನ್ನು ಚೌಕ ಆವರಣದಲ್ಲಿಡಿ: '[ಆರ್]ಸಿಂಕ್'. ಅರ್ಥ ಅದೇ, ಆದರೆ ಆ ಬರಹ ತನಗೆ ತಾನೇ ಹೊಂದುವುದಿಲ್ಲ.

ಇನ್ನು ಅಲಿಯಾಸ್. ಎಲ್‌ಎಲ್ ಎಂಬುದು ನಿಮ್ಮ ಶೆಲ್ ಆದ ಬ್ಯಾಶ್‌ನ ತಲೆಯಲ್ಲಷ್ಟೇ ಇರುವ ಅಡ್ಡಹೆಸರು. ಹೊಸದಾಗಿ ಹುಟ್ಟಿದ ಎಸ್‌ಎಚ್‌ಗೆ ಅದರ ಪರಿಚಯವಿಲ್ಲ. ಸುಲಭದ ದಾರಿ, ಅಲಿಯಾಸ್ ಬಿಟ್ಟು ಪೂರ್ತಿ ಕಮಾಂಡ್ ಬರೆಯುವುದು. ಬ್ಯಾಶ್‌ನಲ್ಲಿ ಒಂದು ಉಪಾಯವೂ ಉಂಟು:

ಅಲಿಯಾಸ್ ವಾಚ್='ವಾಚ್ '

ಕೋಟ್ ಮುಚ್ಚುವ ಮುಂಚೆ ಒಂದು ಸ್ಪೇಸ್ ಇದೆ ನೋಡಿ, ಅದೇ ಮುಖ್ಯ. ಅಲಿಯಾಸ್‌ನ ಕೊನೆಯಲ್ಲಿ ಸ್ಪೇಸ್ ಇದ್ದರೆ ಅದರ ಮುಂದಿನ ಪದವನ್ನೂ ಅಲಿಯಾಸ್ ಎಂದು ಬ್ಯಾಶ್ ಪರೀಕ್ಷಿಸುತ್ತದೆ. ಆದರೆ ಮುಂದಿನ ಒಂದು ಪದವನ್ನು ಮಾತ್ರ. ‘ವಾಚ್ -ಎನ್ 5 ಎಲ್‌ಎಲ್’ ಎಂದರೆ ಮುಂದಿನ ಪದ -ಎನ್ ಆಯಿತು, ಉಪಾಯ ಕೈಕೊಡುತ್ತದೆ. ಅಲಿಯಾಸ್‌ನೊಳಗೇ 'ವಾಚ್ -ಎನ್ 5 ' ಎಂದು ಅಂತರವನ್ನೂ ಸೇರಿಸಿಟ್ಟರೆ ನಡೆಯುತ್ತದೆ.

ಶೆಲ್ ಫಂಕ್ಷನ್‌ಗೆ ಈ ಉಪಾಯ ಸಾಲದು. ಅದನ್ನು ಎಕ್ಸ್‌ಪೋರ್ಟ್ ಮಾಡಿ, ಬ್ಯಾಶ್‌ಗೇ ಓಡಿಸಲು ಹೇಳಬೇಕು:

ಎಕ್ಸ್‌ಪೋರ್ಟ್ -ಎಫ್ ಪರೀಕ್ಷೆ
ವಾಚ್ -ಎಕ್ಸ್ ಬ್ಯಾಶ್ -ಸಿ ಪರೀಕ್ಷೆ

(‘ಪರೀಕ್ಷೆ’ ಎಂಬಲ್ಲಿ ನಿಮ್ಮ ಫಂಕ್ಷನ್ ಹೆಸರು.) ಇಲ್ಲಿ -ಎಕ್ಸ್ ಬಿಡುವಂತಿಲ್ಲ. ಏಕೆಂಬುದನ್ನು ಈ ಸಾಲು ತೋರಿಸುತ್ತದೆ:

ವಾಚ್ ಬ್ಯಾಶ್ -ಸಿ 'ಎಕೋ ನಮಸ್ಕಾರ'

ನಮಸ್ಕಾರ ಬರಬೇಕಿತ್ತು, ಬರುವುದು ಖಾಲಿ ಸಾಲು. ನಿಮ್ಮ ಶೆಲ್ ಒಂಟಿ ಕೋಟ್‌ಗಳನ್ನು ಕಿತ್ತುಹಾಕಿ ವಾಚ್‌ಗೆ ಮೂರು ತುಂಡು ಕೊಟ್ಟಿತು. ವಾಚ್ ಅವನ್ನು ಸ್ಪೇಸ್ ಇಟ್ಟು ಜೋಡಿಸಿತು, ಕೋಟ್ ಮರಳಿ ಹಾಕಲಿಲ್ಲ. ಎಸ್‌ಎಚ್‌ಗೆ ಸಿಕ್ಕಿದ್ದು ‘ಬ್ಯಾಶ್ -ಸಿ ಎಕೋ ನಮಸ್ಕಾರ’. ಬ್ಯಾಶ್ ಅದರಲ್ಲಿ ‘ಎಕೋ’ ಎಂಬುದನ್ನಷ್ಟೇ ಕಮಾಂಡ್ ಎಂದು ತೆಗೆದುಕೊಂಡಿತು. ‘ನಮಸ್ಕಾರ’ $0 ಆಗಿ, ಅಂದರೆ ಪ್ರೋಗ್ರಾಂನ ಹೆಸರಿನ ಜಾಗದಲ್ಲಿ, ಕೂತಿತು. -ಎಕ್ಸ್ ಕೊಟ್ಟರೆ ಎಸ್‌ಎಚ್‌ನ ಮಧ್ಯಸ್ಥಿಕೆಯೇ ಇಲ್ಲ, ತುಂಡುಗಳು ಇದ್ದಂತೆಯೇ ಹೋಗುತ್ತವೆ. ಹೆಸರಿನಲ್ಲಿ ಸ್ಪೇಸ್ ಇರುವ ಫೈಲಿಗೂ ಇದೇ ಮದ್ದು. ‘ವಾಚ್ ಎಲ್‌ಎಸ್ -ಎಲ್ "ಹಳೆ ಪಟ್ಟಿ"’ ಎಂದರೆ ಎಲ್‌ಎಸ್ ‘ಹಳೆ’ಯನ್ನೂ ‘ಪಟ್ಟಿ’ಯನ್ನೂ ಬೇರೆ ಬೇರೆ ಹುಡುಕಿ ಎರಡೂ ಇಲ್ಲ ಅನ್ನುತ್ತದೆ, -ಎಕ್ಸ್ ಸೇರಿಸಿದರೆ ಸರಿಹೋಗುತ್ತದೆ. ಆದರೆ -ಎಕ್ಸ್ ಒಂದೇ ಇದ್ದಾಗ ಪೈಪ್, $ ಯಾವುದನ್ನೂ ಬಿಡಿಸುವವರು ಇರುವುದಿಲ್ಲ; ಅವೂ ಬೇಕಾದರೆ -ಎಕ್ಸ್ ಜೊತೆ ‘ಬ್ಯಾಶ್ -ಸಿ’ ಇರಬೇಕು. ಡೆಬಿಯನ್, ಉಬುಂಟುಗಳಲ್ಲಿ ಎಸ್‌ಎಚ್ ಎಂದರೆ ಡ್ಯಾಶ್, ಬ್ಯಾಶ್ ಅಲ್ಲ. ಜೋಡಿ ಚೌಕ ಆವರಣದ ಪರೀಕ್ಷೆ, $RANDOM ಥರದ ವೇರಿಯಬಲ್ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಬ್ಯಾಶ್‌ಗೆ ವಿಶೇಷವಾದದ್ದು ಏನಿದ್ದರೂ ‘ವಾಚ್ -ಎಕ್ಸ್ ಬ್ಯಾಶ್ -ಸಿ’ ರೂಢಿ ಮಾಡಿಕೊಳ್ಳಿ.

ಇನ್ನೊಂದು ಚಿಕ್ಕ ಮಾತು: ವಾಚ್‌ನ ಆಪ್ಷನ್‌ಗಳು ಕಮಾಂಡ್‌ಗಿಂತ ಮುಂಚೆಯೇ ಬರಬೇಕು. ‘ವಾಚ್ ಎಲ್‌ಎಸ್ -ಎಲ್ -ಎನ್ 5’ ಎಂದರೆ ಆ -ಎನ್ ಎಲ್‌ಎಸ್‌ಗೆ ಹೋಗಿ, 5 ಎಂಬ ಫೈಲ್ ಇಲ್ಲ ಎಂಬ ದೂರು ಬರುತ್ತದೆ.

ಬಣ್ಣ ಹೋಗುವುದು ಎರಡನೆಯ ಕಾರಣದಿಂದ. ಎಲ್‌ಎಸ್, ಗ್ರೆಪ್ ಮುಂತಾದವು ತಮ್ಮ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದೆಯೇ ಎಂದು ನೋಡಿಕೊಳ್ಳುತ್ತವೆ. ಇಲ್ಲಿ ಅದು ಪೈಪ್, ಹಾಗಾಗಿ ಬಣ್ಣ ಬಿಡುತ್ತವೆ. ಎಲ್‌ಎಸ್ ಆದರೆ ಹಲವು ಕಾಲಂ ಬಿಟ್ಟು ಸಾಲಿಗೊಂದು ಹೆಸರು ಬರೆಯುತ್ತದೆ. ಎರಡೂ ಕಡೆ ಹೇಳಬೇಕು: ಕಮಾಂಡ್‌ಗೆ ‘ಬಣ್ಣ ಬಿಡಬೇಡ’ ಎಂದು, ವಾಚ್‌ಗೆ ‘ಬಣ್ಣದ ಸಂಕೇತವನ್ನು ಬಣ್ಣವಾಗಿಯೇ ತೋರಿಸು’ ಎಂದು.

ವಾಚ್ -ಸಿ ಎಲ್‌ಎಸ್ -ಎಲ್ --ಕಲರ್=ಆಲ್ವೇಸ್

ಪರದೆಗೆ ಹಿಡಿಸದ ಸಾಲುಗಳನ್ನು ವಾಚ್ ತೋರಿಸುವುದಿಲ್ಲ, ಸ್ಕ್ರೋಲ್ ಮಾಡಲೂ ಬರುವುದಿಲ್ಲ. ಕೊನೆಯ ಸಾಲುಗಳು ಬೇಕಿದ್ದರೆ ಕೋಟ್‌ನೊಳಗೆ ‘| ಟೇಲ್ -ಎನ್ 20’ ಹಾಕಿ. ಉದ್ದದ ಸಾಲು ಮಡಚಿಕೊಂಡು ಗೊಂದಲವಾದರೆ -ಡಬ್ಲ್ಯು ಕೊಡಿ, ಅಂಚಿಗೆ ಕತ್ತರಿಸುತ್ತದೆ. ತಾನಾಗಿ ಮುಗಿಯದ ಕಮಾಂಡ್ ವಾಚ್‌ಗೆ ಹೇಳಿಸಿದ್ದಲ್ಲ: ಪಿಂಗ್‌ಗೆ ‘-ಸಿ 1’, ಟಾಪ್‌ಗೆ ‘-ಬಿ -ಎನ್ 1’ ಕೊಟ್ಟು ಒಂದೇ ಸಲ ಓಡುವಂತೆ ಮಾಡಬೇಕು. ‘ಟೇಲ್ -ಎಫ್’ ಅನ್ನು ವಾಚ್‌ನೊಳಗೆ ಹಾಕುವುದಕ್ಕಂತೂ ಅರ್ಥವೇ ಇಲ್ಲ, ಅದು ತಾನೇ ಕಾಯುವ ಕೆಲಸ ಮಾಡುತ್ತದೆ.

ಅಂತರದ ಲೆಕ್ಕ ಬೇರೆ ಥರ ಎಡವಿಸುತ್ತದೆ. -ಎನ್‌ಗೆ 0.1 ಸೆಕೆಂಡ್‌ಗಿಂತ ಕಡಿಮೆ ಕೊಟ್ಟರೂ ಅದು 0.1ಕ್ಕೇ ನಿಲ್ಲುತ್ತದೆ. ಪ್ರತಿ ಸಲವೂ ಟೈಪ್ ಮಾಡಲು ಬೇಸರವಾದರೆ ಹೊಸ ಆವೃತ್ತಿಗಳಲ್ಲಿ WATCH_INTERVAL ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ನಿಮ್ಮ ಅಂತರ ಇಟ್ಟುಕೊಳ್ಳಬಹುದು. ಮುಖ್ಯವಾದದ್ದು ಇದು: ಅಂತರ ಎಣಿಸುವುದು ಕಮಾಂಡ್ ಮುಗಿದ ಮೇಲೆ. 60 ಸೆಕೆಂಡ್ ಎಂದು ಕೊಟ್ಟು, ಕಮಾಂಡ್‌ಗೆ ಒಂದೂವರೆ ಸೆಕೆಂಡ್ ಹಿಡಿದರೆ, ಒಂದು ಸುತ್ತು 61.5 ಸೆಕೆಂಡ್. 40 ಸುತ್ತು ಕಳೆಯುವಷ್ಟರಲ್ಲಿ ಪೂರ್ತಿ ಒಂದು ನಿಮಿಷ ಹಿಂದೆ ಬಿದ್ದಿರುತ್ತದೆ. ಇದಕ್ಕೆ -ಪಿ ಇದೆ, ಕಮಾಂಡ್ ಶುರುವಾಗುವ ಹೊತ್ತನ್ನೇ ಅಂತರಕ್ಕೆ ಕಟ್ಟುತ್ತದೆ. ವಾಚ್‌ನ ಮೂಲ 1991ರಲ್ಲಿ ಟೋನಿ ರೆಮ್ಸ್ ಬರೆದದ್ದು. ನಿಮಿಷಕ್ಕೊಮ್ಮೆ ಬರಬೇಕಾದದ್ದು ನಿಮಿಷ ಶುರುವಾಗಿ ಎಷ್ಟೋ ಸೆಕೆಂಡ್ ಆದಮೇಲೆ ಬರುತ್ತದಲ್ಲ ಎಂದು ರೋಸಿಹೋಗಿ 2003ರ ಮಾರ್ಚ್‌ನಲ್ಲಿ ಆಂಥನಿ ಡಿರಾಬರ್ಟಿಸ್ ಎಂಬುವರು ಈ ನಿಖರತೆಯನ್ನು ಸೇರಿಸಿದರು ಎಂದು ಅದರ ಕೈಪಿಡಿಯ ಹಳೆಯ ಆವೃತ್ತಿಗಳ ಕೊನೆಯಲ್ಲಿದೆ. ಕಮಾಂಡ್‌ಗೆ ಅಂತರಕ್ಕಿಂತ ಹೆಚ್ಚು ಹೊತ್ತು ಹಿಡಿದರೆ -ಪಿ ಕೂಡ ಏನೂ ಮಾಡಲಾರದು. ಒಂದು ಮುಗಿದ ಕೂಡಲೇ ಇನ್ನೊಂದು ಶುರುವಾಗುತ್ತದೆ. ಆದರೆ ಒಂದರ ಮೇಲೊಂದು ಏರಿಕೊಳ್ಳುವುದಂತೂ ಇಲ್ಲ.

ಅಭ್ಯಾಸಬಲದಿಂದ ಎಲ್ಲಕ್ಕೂ 2 ಸೆಕೆಂಡ್ ಬಿಟ್ಟುಬಿಡುವುದು ಸರಿಯಲ್ಲ. ಬರೀ 2 ಸೆಕೆಂಡ್ ಎಂದರೂ ದಿನಕ್ಕೆ 43,200 ಸಲ. ಡಿಎಫ್‌ಗೆ ಅದು ಲೆಕ್ಕಕ್ಕಿಲ್ಲ, ಫೈಲ್ ಸಿಸ್ಟಂ ಇಟ್ಟುಕೊಂಡ ಎಣಿಕೆಯನ್ನಷ್ಟೇ ಓದುತ್ತದೆ. ಫೋಲ್ಡರ್ ಗಾತ್ರ ಲೆಕ್ಕ ಹಾಕುವ ಡಿಯು ಹಾಗಲ್ಲ, ಫೋಲ್ಡರ್‌ನೊಳಗಿನ ಒಂದೊಂದು ಫೈಲನ್ನೂ ಮುಟ್ಟಿ ಬರುತ್ತದೆ. ಲಕ್ಷ ಫೈಲಿರುವ ಜಾಗದಲ್ಲಿ ಬ್ಯಾಕಪ್ ಓಡುತ್ತಿರುವಾಗಲೇ ‘ವಾಚ್ ಡಿಯು’ ಹಾಕಿದರೆ ನೋಡುವವನೇ ಕೆಲಸಕ್ಕೆ ಅಡ್ಡ ಬಂದಂತೆ. ನೆಟ್‌ವರ್ಕ್‌ನಲ್ಲಿ ಇನ್ನೂ ಹುಷಾರು. ಗಿಟ್‌ಹಬ್‌ನ ಎಪಿಐ ಲಾಗಿನ್ ಇಲ್ಲದವರಿಗೆ ಗಂಟೆಗೆ 60 ಕೋರಿಕೆ ಮಾತ್ರ ಕೊಡುತ್ತದೆ. ಡೀಫಾಲ್ಟ್ ಅಂತರದಲ್ಲಿ ಎರಡು ನಿಮಿಷ ದಾಟುತ್ತಿದ್ದಂತೆ ಕೋಟಾ ಮುಗಿದು, ಉಳಿದ ಹೊತ್ತೆಲ್ಲ ಎರರ್ ನೋಡುತ್ತಾ ಕೂರಬೇಕು. ದೂರದ ಸರ್ವರ್ ನೋಡುವಾಗ ‘ವಾಚ್ ಎಸ್‌ಎಸ್‌ಎಚ್ ಸರ್ವರ್ ಅಪ್‌ಟೈಮ್’ ಎಂದರೆ ಪ್ರತಿ ಸುತ್ತಿಗೂ ಹೊಸ ಲಾಗಿನ್, ಆ ಕಡೆಯ ಲಾಗ್ ತುಂಬಾ ನಿಮ್ಮದೇ ಹೆಸರು. ತಿರುವು ಹಾಕಿ:

ಎಸ್‌ಎಸ್‌ಎಚ್ -ಟಿ ಸರ್ವರ್ ವಾಚ್ ಅಪ್‌ಟೈಮ್

ಒಂದೇ ಲಾಗಿನ್, ವಾಚ್ ಅಲ್ಲೇ ಓಡುತ್ತದೆ. -ಟಿ ಮರೆತರೆ ಅಲ್ಲಿ ಟರ್ಮಿನಲ್ ಇರುವುದಿಲ್ಲ, ವಾಚ್ ಶುರುವಾಗದೆ ಟರ್ಮಿನಲ್ ಬಗ್ಗೆ ದೂರಿ ಹೊರಬರುತ್ತದೆ. ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೊಗೂ ಇದೇ ಕ್ರಮ ವಾಸಿ: ‘ಸುಡೊ ವಾಚ್’ ಎಂದರೆ ಪಾಸ್‌ವರ್ಡ್ ಮೊದಲೇ ಒಂದು ಸಲ ಕೇಳಿ ಮುಗಿಯುತ್ತದೆ. ಕಮಾಂಡ್ ಸಾಲಿನಲ್ಲೇ ಪಾಸ್‌ವರ್ಡ್ ಬರೆಯುವ ಅಭ್ಯಾಸವಿದ್ದರೆ ಇಲ್ಲಿ ಬಿಡಿ. ಪರದೆಯ ಮೇಲ್ಗಡೆ ಅದು ಎಲ್ಲರಿಗೂ ಕಾಣುತ್ತದೆ. -ಟಿ ಕೊಟ್ಟು ಶೀರ್ಷಿಕೆ ಸಾಲು ತೆಗೆದರೂ (ವಾಚ್‌ನ -ಟಿ ಎಂದರೆ ಅದೇ, ಎಸ್‌ಎಸ್‌ಎಚ್‌ನದಕ್ಕೂ ಇದಕ್ಕೂ ಸಂಬಂಧವಿಲ್ಲ) ಪಿಎಸ್ ಪಟ್ಟಿಯಲ್ಲಿ ಉಳಿಯುತ್ತದೆ. ಮೈಎಸ್‌ಕ್ಯೂಎಲ್ ತನ್ನ ಸಾಲಿನಲ್ಲಿ ಪಾಸ್‌ವರ್ಡ್ ಮರೆಮಾಡುತ್ತದೆ ನಿಜ, ಆದರೆ ವಾಚ್‌ನ ಸಾಲಿನಲ್ಲಿರುವ ಪ್ರತಿಯನ್ನು ಅದು ಮುಟ್ಟಲಾರದು.

ಬದಲಾದದ್ದನ್ನು ಎತ್ತಿ ತೋರಿಸುವುದು -ಡಿ. ಇದರ ಬೆಲೆ ಗೊತ್ತಾಗುವುದು ಹೀಗೊಂದು ಸಂದರ್ಭದಲ್ಲಿ. ಪೆನ್‌ಡ್ರೈವ್‌ಗೆ 4 ಜಿಬಿ ಫೈಲ್ ಕಾಪಿ ಮಾಡುತ್ತೀರಿ, ಕಾಪಿ ಬೇಗ ಮುಗಿದಂತೆ ಪ್ರಾಂಪ್ಟ್ ಮರಳುತ್ತದೆ. ಆಮೇಲೆ ‘ಸಿಂಕ್’ ಕೊಟ್ಟರೆ ನಿಮಿಷಗಟ್ಟಲೆ ಸದ್ದೇ ಇಲ್ಲ. ಕೆಟ್ಟಿತೇ, ನಡೆಯುತ್ತಿದೆಯೇ? ಇನ್ನೊಂದು ಟರ್ಮಿನಲ್‌ನಲ್ಲಿ:

ವಾಚ್ -ಡಿ -ಎನ್ 1 ಗ್ರೆಪ್ -ಇ Dirty: -ಇ Writeback: /ಪ್ರೊಕ್/ಮೆಮ್‌ಇನ್ಫೋ

(ಡರ್ಟಿ, ರೈಟ್‌ಬ್ಯಾಕ್ ಎರಡಕ್ಕೂ ಮೊದಲ ಅಕ್ಷರ ಕ್ಯಾಪಿಟಲ್, ಕೊನೆಯಲ್ಲಿ ಕೋಲನ್.) ಡರ್ಟಿ ಎಂದರೆ ಮೆಮೊರಿಯಲ್ಲಿ ಕೂತು ಡಿಸ್ಕಿಗೆ ಬರೆಯಲು ಕಾದಿರುವ ದತ್ತಾಂಶ, ರೈಟ್‌ಬ್ಯಾಕ್ ಎಂದರೆ ಈ ಕ್ಷಣ ಬರೆಯುತ್ತಿರುವುದು. ಅಂಕಿಗಳು ಕೆಬಿಯಲ್ಲಿ. ಡರ್ಟಿ ಸೆಕೆಂಡಿಗೆ ಕೆಲವು ಸಾವಿರದಂತೆ ಇಳಿಯುತ್ತಿದ್ದರೆ, ಕೊನೆಯ ಅಂಕಿಗಳು ಬೆಳಗುತ್ತಾ ಹೋಗುತ್ತಿದ್ದರೆ, ಪೆನ್‌ಡ್ರೈವ್ ನಿಧಾನ ಅಷ್ಟೆ, ಕೆಲಸ ನಡೆಯುತ್ತಿದೆ. ರೈಟ್‌ಬ್ಯಾಕ್ ಒಂದೇ ಅಂಕಿಯಲ್ಲಿ ಅಂಟಿಕೊಂಡು ಎಷ್ಟು ಹೊತ್ತಾದರೂ ಏನೂ ಬೆಳಗದಿದ್ದರೆ ಡ್ರೈವ್ ಅಥವಾ ಕೇಬಲ್ ಕಡೆ ನೋಡಿ.

-ಡಿ ಹೋಲಿಸುವುದು ಪರದೆಯ ಜಾಗವನ್ನು, ಸಾಲಿನ ಅರ್ಥವನ್ನಲ್ಲ. ಮೇಲೆ ಒಂದು ಸಾಲು ಹೊಸದಾಗಿ ಸೇರಿದರೆ ಕೆಳಗಿನದೆಲ್ಲ ಒಂದು ಸಾಲು ಜಾರಿ, ಎಲ್ಲವೂ ಬದಲಾದಂತೆ ಹೊಳೆಯುತ್ತದೆ. ಸಿಪಿಯು ಪ್ರಕಾರ ಸಾರ್ಟ್ ಮಾಡಿದ ಪಿಎಸ್ ಪಟ್ಟಿಗೆ -ಡಿ ಹಾಕಿ ಪ್ರಯೋಜನವಿಲ್ಲ. ಹೆಸರಿನ ಪ್ರಕಾರ ಸಾರ್ಟ್ ಮಾಡಿ, ಆಗ ಸಾಲುಗಳು ತಮ್ಮ ಜಾಗದಲ್ಲಿ ಕೂರುತ್ತವೆ. ನೀವು ಕಣ್ಣು ಬೇರೆಡೆ ಇಟ್ಟಾಗ ಆದ ಬದಲಾವಣೆಯೂ ಉಳಿಯಬೇಕೆಂದರೆ ‘--ಡಿಫರೆನ್ಸಸ್=ಪರ್ಮನೆಂಟ್’ ಇದೆ: ಮೊದಲ ಸುತ್ತಿನಿಂದ ಈಚೆಗೆ ಒಮ್ಮೆಯಾದರೂ ಬದಲಾದ ಜಾಗ ಬೆಳಗಿಯೇ ಇರುತ್ತದೆ. ಆದರೆ ಕಿಟಕಿಯ ಗಾತ್ರ ಬದಲಿಸಿದರೆ ಆ ಗುರುತುಗಳೆಲ್ಲ ಅಳಿಸಿಹೋಗುತ್ತವೆ.

ನೋಡುತ್ತಾ ಕೂರಲು ಆಗದವರಿಗೆ -ಜಿ: ಔಟ್‌ಪುಟ್ ಬದಲಾದ ಕೂಡಲೇ ವಾಚ್ ತಾನೇ ನಿಲ್ಲುತ್ತದೆ. ಮುಂದೆ ‘&&’ ಹಾಕಿ ಇನ್ನೊಂದು ಕೆಲಸ ಪೋಣಿಸಬಹುದು. ಇಲ್ಲಿ ಕೈಕೊಡುವುದು ಔಟ್‌ಪುಟ್‌ನಲ್ಲಿ ನುಸುಳಿದ ಸಮಯ. ಡಾಕರ್ ಪಟ್ಟಿಯಲ್ಲಿ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬ ಕಾಲಂ ಇರುತ್ತದೆ, ಅದೇ ಬದಲಾಗಿ ವಾಚ್ ಸುಮ್ಮನೆ ನಿಂತುಬಿಡುತ್ತದೆ. ಬೇಕಾದ ಕಾಲಂ ಮಾತ್ರ ಉಳಿಸಿಕೊಂಡು -ಜಿ ಹಾಕಿ. ಬೆಳೆಯುತ್ತಿರುವ ಫೈಲಿಗೆ -ಜಿ ತಿರುಗುಮುರುಗು: ಮೊದಲ ಹೆಚ್ಚಳಕ್ಕೇ ಹೊರಬರುತ್ತದೆ, ನಿಮಗೆ ಬೇಕಿದ್ದದ್ದು ಬೆಳವಣಿಗೆ ನಿಂತ ಸುದ್ದಿ. ಹೊಸ ಆವೃತ್ತಿಗಳಲ್ಲಿ ಅದಕ್ಕೆ -ಕ್ಯೂ ಬಂದಿದೆ. ‘-ಕ್ಯೂ 10’ ಎಂದರೆ 10 ಸುತ್ತು ಔಟ್‌ಪುಟ್ ಹಾಗೇ ಇದ್ದರೆ ನಿಲ್ಲು ಎಂದು. ಗಾತ್ರ ನಿಂತಿತು ಎಂದರೆ ಕಾಪಿ ಮುಗಿಯಿತು ಎಂದೇ ಅರ್ಥವಲ್ಲ, ನೆಟ್‌ವರ್ಕ್ ಕಟ್ಟಾದರೂ ಗಾತ್ರ ನಿಲ್ಲುತ್ತದೆ.

-ಇ ಕೊಟ್ಟರೆ ಕಮಾಂಡ್ ಸೋತ ಸುತ್ತಿನಲ್ಲಿ ಪರದೆ ಹಾಗೇ ಹೆಪ್ಪುಗಟ್ಟಿ, ನೀವು ಕೀ ಒತ್ತಿದ ಮೇಲೆ ಹೊರಬರುತ್ತದೆ. -ಬಿ ಆದರೆ ಬೀಪ್ ಮಾಡಿ ಮುಂದುವರಿಯುತ್ತದೆ. ಸೋಲು ಎಂದರೆ ಎಕ್ಸಿಟ್ ಕೋಡ್ (ಕಮಾಂಡ್ ಮುಗಿಯುವಾಗ ಹಿಂತಿರುಗಿಸುವ ಸಂಖ್ಯೆ) ಸೊನ್ನೆ ಅಲ್ಲದಿರುವುದು. ಪೈಪ್ ಇದ್ದಾಗ ಲೆಕ್ಕಕ್ಕೆ ಬರುವುದು ಕೊನೆಯ ಕಮಾಂಡ್‌ನ ಕೋಡ್ ಮಾತ್ರ. ಗ್ರೆಪ್‌ಗೆ ಏನೂ ಸಿಗದಿದ್ದರೆ ಅದರ ಕೋಡ್ 1. ಹಾಗಾಗಿ ‘ಲಾಗ್‌ನಲ್ಲಿ ಎರರ್ ಇದೆಯೇ’ ಎಂದು ಗ್ರೆಪ್ ಮಾಡುತ್ತಾ -ಬಿ ಹಾಕಿದರೆ, ಎರರ್ ಇಲ್ಲದಾಗ ಕೂಗುತ್ತದೆ, ಇದ್ದಾಗ ಸುಮ್ಮನಿರುತ್ತದೆ. ಕೋಟ್‌ನೊಳಗೆ ಇಡೀ ಪೈಪಿನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ, ಅದರ ನಂತರ ಸ್ಪೇಸ್ ಇಟ್ಟರೆ ಫಲಿತಾಂಶ ತಲೆಕೆಳಗಾಗಿ ನಿಮಗೆ ಬೇಕಾದಂತೆ ಬರುತ್ತದೆ.

ಇಷ್ಟೆಲ್ಲ ಹೇಳಿದ್ದು ಲಿನಕ್ಸ್‌ನ ಪ್ರೊಕ್‌ಪಿಎಸ್-ಎನ್‌ಜಿ ಪ್ಯಾಕೇಜಿನ ವಾಚ್ ಬಗ್ಗೆ. ಆಲ್ಪೈನ್ ಕಂಟೇನರ್, ರೌಟರ್‌ಗಳಲ್ಲಿ ಸಿಗುವುದು ಬಿಜಿಬಾಕ್ಸ್‌ನದು, ಅದಕ್ಕೆ ಗೊತ್ತಿರುವುದು -ಎನ್ ಮತ್ತು -ಟಿ ಎರಡೇ. ಮ್ಯಾಕ್‌ನಲ್ಲಿ ವಾಚ್ ಮೊದಲಿಂದ ಇರುವುದಿಲ್ಲ, ಹೋಂಬ್ರೂನಿಂದ ಹಾಕಿಕೊಳ್ಳಬೇಕು. ಫ್ರೀಬಿಎಸ್‌ಡಿಯಲ್ಲಿ ಅದೇ ಹೆಸರಿನ ಕಮಾಂಡ್ ಇದೆ, ಆದರೆ ಅದು ಬೇರೊಂದು ಟರ್ಮಿನಲ್ ಸಾಲಿನಲ್ಲಿ ನಡೆಯುವುದನ್ನು ಇಣುಕಿ ನೋಡುವ ಸಾಧನ. ಈ ವಾಚ್ ಅಲ್ಲಿ ‘ಗ್ನು-ವಾಚ್’ ಎಂಬ ಹೆಸರಲ್ಲಿ ಸಿಗುತ್ತದೆ.

ಲೂಪ್ ಬರೆಯಬೇಕಾದದ್ದು ಯಾವಾಗ? ವಾಚ್ ತನ್ನದೇ ಬೇರೊಂದು ಪರದೆಯಲ್ಲಿ ಬರೆಯುತ್ತದೆ, ಹೊರಬಂದ ಮೇಲೆ ಹಿಂದಿನ ಸುತ್ತುಗಳಲ್ಲಿ ಏನಿತ್ತು ಎಂಬುದು ಎಲ್ಲೂ ಉಳಿಯುವುದಿಲ್ಲ. ರಾತ್ರಿ 2 ಗಂಟೆಗೆ ಡಿಸ್ಕ್ ಎಷ್ಟಿತ್ತು ಎಂದು ಬೆಳಿಗ್ಗೆ ಕೇಳಿದರೆ ಅದರ ಬಳಿ ಉತ್ತರವಿಲ್ಲ. ದಾಖಲೆ ಬೇಕೆಂದರೆ:

ವೈಲ್ ಸ್ಲೀಪ್ 60; ಡು ಡೇಟ್; ಡಿಎಫ್ -ಎಚ್ /ಬ್ಯಾಕಪ್; ಡನ್ | ಟೀ -ಎ ಡಿಸ್ಕ್.ಲಾಗ್

‘ವೈಲ್ ಟ್ರೂ’ ಬದಲು ‘ವೈಲ್ ಸ್ಲೀಪ್ 60’ ಇಡುವುದಕ್ಕೆ ಕಾರಣವಿದೆ. ಪಿಂಗ್‌ನಂತಹ ಕೆಲವು ಪ್ರೋಗ್ರಾಂಗಳು ಕಂಟ್ರೋಲ್-ಸಿಯನ್ನು ತಾವೇ ಹಿಡಿದು ಸಭ್ಯವಾಗಿ ಮುಗಿಯುತ್ತವೆ. ಆಗ ಬ್ಯಾಶ್ ಲೂಪನ್ನು ನಿಲ್ಲಿಸದೆ ಮುಂದಿನ ಸುತ್ತಿಗೆ ಹೋಗುತ್ತದೆ, ನೀವು ಒತ್ತುತ್ತಲೇ ಇರುತ್ತೀರಿ. ಸ್ಲೀಪ್ ನಡೆಯುತ್ತಿರುವಾಗ ಒತ್ತಿದರೆ ಸ್ಲೀಪ್ ಸಾಯುತ್ತದೆ, ಅದೇ ಷರತ್ತಾದ್ದರಿಂದ ಲೂಪ್ ಕೂಡ ಮುಗಿಯುತ್ತದೆ. ಮೊದಲ ಫಲಿತಾಂಶಕ್ಕೆ 60 ಸೆಕೆಂಡ್ ಕಾಯಬೇಕು, ಅಷ್ಟೇ ನಷ್ಟ.

ಯಾವುದೋ ಸರ್ವಿಸ್ ಏಳುವವರೆಗೆ ಪ್ರಯತ್ನಿಸುತ್ತಿರಬೇಕು ಎಂದಾದರೂ ಲೂಪೇ ಸರಿ:

ಟೈಮ್‌ಔಟ್ 60 ಬ್ಯಾಶ್ -ಸಿ 'ಅಂಟಿಲ್ ಕರ್ಲ್ -ಎಫ್ -ಎಸ್ --ಮ್ಯಾಕ್ಸ್-ಟೈಮ್ 5 -ಓ /ಡೆವ್/ನಲ್ ಎಚ್‌ಟಿಟಿಪಿ://ಲೋಕಲ್‌ಹೋಸ್ಟ್:8080; ಡು ಸ್ಲೀಪ್ 2; ಡನ್'

ವೆಬ್ ವಿಳಾಸಕ್ಕೆ ಕೋರಿಕೆ ಕಳಿಸುವ ಕರ್ಲ್‌ಗೆ -ಎಫ್ ಕಡ್ಡಾಯ. ಅದಿಲ್ಲದಿದ್ದರೆ ಸರ್ವರ್ 500 ಎರರ್ ಪುಟ ಕೊಟ್ಟರೂ ಕರ್ಲ್‌ನ ಲೆಕ್ಕದಲ್ಲಿ ಅದು ಯಶಸ್ಸು. --ಮ್ಯಾಕ್ಸ್-ಟೈಮ್ ಇಲ್ಲದಿದ್ದರೆ ಉತ್ತರಿಸದ ಒಂದೇ ಸಂಪರ್ಕ ಇಡೀ 60 ಸೆಕೆಂಡನ್ನು ನುಂಗಬಹುದು. ಹೊತ್ತು ಮೀರಿ ಸೋತರೆ ಟೈಮ್‌ಔಟ್‌ನ ಕೋಡ್ 124, ಸ್ಕ್ರಿಪ್ಟ್‌ನಲ್ಲಿ ಅದನ್ನು ಪರೀಕ್ಷಿಸಬಹುದು.

ಫೈಲ್ ಬದಲಾದಾಗಲೆಲ್ಲ ಬಿಲ್ಡ್ ಓಡಬೇಕು ಎನ್ನುವವರು ವಾಚ್‌ಗೆ ಹೋಗದೆ ‘ಎಂಟರ್’ ಎಂದು ಕೇಳಿಸುವ ಇ-ಎನ್-ಟಿ-ಆರ್ ಎಂಬ ಪುಟ್ಟ ಸಾಧನ ನೋಡಿ. ಫೈಲುಗಳ ಪಟ್ಟಿಯನ್ನು ಅದಕ್ಕೆ ಪೈಪ್ ಮಾಡಿದರೆ ಸಾಕು, ಬದಲಾವಣೆ ಆಗುವವರೆಗೆ ಸುಮ್ಮನೆ ಮಲಗಿರುತ್ತದೆ.

ಕ್ರಾನ್ ಬೇಕಾಗುವುದು ನೀವು ಲಾಗ್‌ಔಟ್ ಆದಮೇಲೂ, ಯಂತ್ರ ರೀಸ್ಟಾರ್ಟ್ ಆದಮೇಲೂ ಕೆಲಸ ನಡೆಯಬೇಕಾದಾಗ. ಅದರ ಕನಿಷ್ಠ ಅಂತರ 1 ನಿಮಿಷ. ವಾಚ್‌ನಂತೆ ಹಿಂದಿನದು ಮುಗಿಯಲಿ ಎಂದು ಅದು ಕಾಯುವುದಿಲ್ಲ. 1 ನಿಮಿಷಕ್ಕೊಮ್ಮೆ ಇಟ್ಟ ಸ್ಕ್ರಿಪ್ಟ್‌ಗೆ 3 ನಿಮಿಷ ಹಿಡಿದರೆ ಮೂರು ಪ್ರತಿ ಒಟ್ಟಿಗೆ ಓಡುತ್ತವೆ. ಸಾಲಿನ ಮುಂದೆ ‘ಎಫ್‌ಲಾಕ್ -ಎನ್ /ಟಿಎಂಪಿ/ಬ್ಯಾಕಪ್.ಲಾಕ್’ ಸೇರಿಸಿ, ಹಿಂದಿನದು ಇನ್ನೂ ಓಡುತ್ತಿದ್ದರೆ ಹೊಸದು ಶುರುವಾಗದೆ ಹೊರಬರುತ್ತದೆ.

ನಿಮ್ಮ ಬ್ಯಾಕಪ್‌ಗೆ ಬಂದರೆ, ಟೀಮಕ್ಸ್‌ನೊಳಗೆ ಒಂದು ಕಿಟಕಿಯಲ್ಲಿ ಬ್ಯಾಕಪ್ ಓಡಲಿ, ಎಸ್‌ಎಸ್‌ಎಚ್ ಕಟ್ಟಾದರೂ ಅದು ಉಳಿಯುತ್ತದೆ. ಪಕ್ಕದ ಕಿಟಕಿಯಲ್ಲಿ ಇದು:

ವಾಚ್ -ಡಿ -ಎನ್ 10 'ಡಿಎಫ್ -ಎಚ್ /ಬ್ಯಾಕಪ್; ಎಲ್‌ಎಸ್ -ಎಲ್‌ಟಿ /ಬ್ಯಾಕಪ್ | ಹೆಡ್ -ಎನ್ 8; ಪಿಗ್ರೆಪ್ -ಎ ಆರ್‌ಸಿಂಕ್'

ಮೂರನೆಯ ಭಾಗದಲ್ಲಿ ಸಾಲು ಮಾಯವಾದರೆ ಆರ್‌ಸಿಂಕ್ ನಿಂತಿದೆ ಎಂದು ಅರ್ಥ. ಸರಿಯಾಗಿ ಮುಗಿಯಿತೇ, ಮಧ್ಯದಲ್ಲಿ ಸತ್ತಿತೇ ಎಂಬುದನ್ನು ಮೊದಲ ಕಿಟಕಿಗೆ ಹೋಗಿ, ಬೇರೇನೂ ಟೈಪ್ ಮಾಡುವ ಮೊದಲು ‘ಎಕೋ $?’ ಕೊಟ್ಟು ನೋಡಿ. ಸೊನ್ನೆ ಬಂದರೆ ಮುಗಿದಿದೆ.